ಒಳ್ಳೇ ಬುದ್ಧಿಯ ಬಿಟ್ಟಿ ಚಾಕರಿ

ಪಾರಿವಾಳಕ್ಕೆ ಕೂಲಿ ಕೊಟ್ಟು ಕೆಲಸ ಮಾಡಿಸುವ ವಿಶ್ವವಿದ್ಯಾಲಯಗಳಿವೆ ಎಂದರೆ ನಮ್ಮ ಭಾವ ನಂಬುವುದಿಲ್ಲ. ‘ಇಲ್ಲಿ ಅತಿಥಿ ಉಪನ್ಯಾಸಕರಿಗೇ ತಿಂಗಳುಗಟ್ಟಲೆ ಸಂಬಳ ಆಗಲ್ಲ, ಅಲ್ಲಿ ಪಾರಿವಾಳಕ್ಕೆ ಕೊಡ್ತಾರಂತೆ’ ಎಂದು ಪೇಪರು ಮಡಚಿಟ್ಟು, ಕನ್ನಡಕ ತೆಗೆದು, ನನ್ನನ್ನೇ ದಿಟ್ಟಿಸುತ್ತಾರೆ. ಭಾವ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಲೆಡ್ಜರಿಗೆ ಬಾರದ್ದು ಲೋಕದಲ್ಲೇ ಇಲ್ಲ ಎಂಬ ಸಿದ್ಧಾಂತದವರು. ಅವರ ಲೆಡ್ಜರಿನಲ್ಲಿ ಟ್ಯಾಲಿ ಆಗದೆ ಉಳಿದಿರುವ ಬಾಬ್ತು ಒಂದೇ, ಸಿಗರೇಟು. ಅದನ್ನು ಬಿಟ್ಟ ತಾರೀಖುಗಳೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ನಮೂದಾಗಿವೆ. ಮತ್ತೆ ಹಿಡಿದ ತಾರೀಖು ಮಾತ್ರ ಒಂದೂ ಎಂಟ್ರಿ ಆಗಿಲ್ಲ.

ಬಿಟ್ಟವರು ಮತ್ತೆ ಹಿಡಿದರೆ ನಮ್ಮಲ್ಲಿ ಮೂರು ವಿವರಣೆಗಳು ಸಿದ್ಧವಾಗಿರುತ್ತವೆ. ಮನಸ್ಸು ಗಟ್ಟಿಯಿಲ್ಲ, ಸಹವಾಸ ಸರಿಯಿಲ್ಲ, ದೆಸೆ ಸರಿಯಿಲ್ಲ. ಮೊದಲನೆಯದನ್ನು ಹೆಂಡತಿ ಹೇಳುತ್ತಾಳೆ, ಎರಡನೆಯದನ್ನು ತಾಯಿ, ಮೂರನೆಯದನ್ನು ಜೋಯಿಸರು. ಮೂವರಿಗೂ ಸಮಾಧಾನವಾಗುತ್ತದೆ, ಸಿಗರೇಟು ಮಾತ್ರ ಉರಿಯುತ್ತಲೇ ಇರುತ್ತದೆ. ಅಮೆರಿಕದ ಒಂದಷ್ಟು ಪ್ರೊಫೆಸರರು ಈ ಮೂವರನ್ನೂ ಕೇಳದೆ ನೇರವಾಗಿ ಇಲಿ, ಪಾರಿವಾಳಗಳನ್ನೇ ವಿಚಾರಿಸಿಕೊಂಡರು. ವರ್ತನಾ ವಿಶ್ಲೇಷಣೆ ಎಂದು ಆ ಶಾಸ್ತ್ರದ ಹೆಸರು. ಅದರಲ್ಲಿರುವ ದೊಡ್ಡ ಅನುಕೂಲವೆಂದರೆ ಪಾರಿವಾಳ ಸಬೂಬು ಹೇಳುವುದಿಲ್ಲ. ‘ಆಫೀಸಿನಲ್ಲಿ ಟೆನ್ಷನ್ನು’ ಅನ್ನುವುದಿಲ್ಲ, ‘ಇವತ್ತೊಂದು ದಿನ’ ಅನ್ನುವುದಿಲ್ಲ. ಕುಕ್ಕುತ್ತದೆ, ಇಲ್ಲವೇ ಕುಕ್ಕುವುದಿಲ್ಲ. ಯಂತ್ರ ಬರೆದುಕೊಳ್ಳುತ್ತದೆ.

ಈ ಶಾಸ್ತ್ರದ ಮೂಲಪುರುಷರು ಬಿ. ಎಫ್. ಸ್ಕಿನ್ನರ್. 1930ರ ಆಸುಪಾಸಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪೆಟ್ಟಿಗೆ ಮಾಡಿ ಅದರೊಳಗೆ ಹಸಿದ ಇಲಿಯನ್ನು ಬಿಟ್ಟರು. ಗೋಡೆಗೊಂದು ಸರಳು. ಇಲಿ ಸರಳು ಒತ್ತಿದರೆ ತಟ್ಟೆಗೆ ಒಂದು ಗುಳಿಗೆ ತಿಂಡಿ. ಒತ್ತಿದ್ದಕ್ಕೆ ಕೂಲಿ, ಇಷ್ಟೇ ಏರ್ಪಾಡು. ಆದರೆ ಆ ಗುಳಿಗೆಗಳನ್ನು ಯಾರಾದರೂ ಮಾಡಬೇಕಲ್ಲ? ಮಾತ್ರೆ ಮಾಡುವ ಯಂತ್ರದ ಮುಂದೆ ಕೂತು ಸ್ಕಿನ್ನರರೇ ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ದಾಸ್ತಾನು ನೋಡುತ್ತಾರೆ, ಅವತ್ತು ಸಂಜೆಯೆಲ್ಲ ಯಂತ್ರಕ್ಕೆ ಕೂರದಿದ್ದರೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಡಬ್ಬ ಖಾಲಿ. ರಜೆ ಹಾಳುಮಾಡಿಕೊಳ್ಳಲು ಮನಸ್ಸಿಲ್ಲದ ತರುಣನಿಗೆ ಆಗ ಒಂದು ಘನವಾದ ಪ್ರಶ್ನೆ ಹೊಳೆಯಿತು. ಒತ್ತಿದಾಗಲೆಲ್ಲ ಯಾಕೆ ಕೊಡಬೇಕು? ನಿಮಿಷಕ್ಕೊಂದು ಕೊಟ್ಟರೆ ಸಾಲದೆ? ಕೊಟ್ಟು ನೋಡಿದರು. ಇಲಿಗಳು ಮುಷ್ಕರ ಹೂಡಲಿಲ್ಲ, ಒತ್ತುತ್ತಲೇ ಹೋದವು. ಕೂಲಿ ಕಡಿತ ಮಾಡಿಯೂ ಕೆಲಸ ತೆಗೆಯಬಹುದೆಂಬ ಸತ್ಯ ನಮ್ಮೂರ ಕಂಟ್ರಾಕ್ಟರುಗಳಿಗೆ ಎಂದೋ ಗೊತ್ತಿತ್ತು, ಅವರು ಗ್ರಾಫು ಬರೆಯಲಿಲ್ಲ ಅಷ್ಟೆ.

ಇನ್ನೊಂದು ಶೋಧ ಯಂತ್ರ ಕೆಟ್ಟದ್ದರಿಂದ ಆಯಿತು. ಗುಳಿಗೆ ಬೀಳಿಸುವ ಯಂತ್ರ ಒಂದು ದಿನ ಸಿಕ್ಕಿಕೊಂಡಿತು. ಸ್ಕಿನ್ನರ್ ಅಲ್ಲಿರಲಿಲ್ಲ. ಬಂದು ನೋಡಿದರೆ, ಕೂಲಿ ನಿಂತ ಮೇಲೂ ಇಲಿ ಒತ್ತಿದೆ, ಬಿಟ್ಟಿದೆ, ಮತ್ತೆ ಒತ್ತಿದೆ, ಮೆಲ್ಲಮೆಲ್ಲನೆ ಕೈಬಿಟ್ಟಿದೆ. ಕಾಗದದ ಮೇಲೆ ಚೆಂದದ ಬಾಗುಗೆರೆಯೊಂದು ಮೂಡಿದೆ. ಶುಕ್ರವಾರ ಮಧ್ಯಾಹ್ನ, ಹೇಳಿಕೊಳ್ಳೋಣವೆಂದರೆ ಲ್ಯಾಬಿನಲ್ಲಿ ಒಂದು ನರಪಿಳ್ಳೆಯಿಲ್ಲ. ತಾನು ಸತ್ತರೆ ಶೋಧವೂ ಸತ್ತೀತೆಂದು ಆ ಶನಿವಾರ ಭಾನುವಾರ ಬಲು ಜೋಪಾನವಾಗಿ ರಸ್ತೆ ದಾಟಿದ್ದಾಗಿ ಅವರೇ ಮುಂದೆ ಬರೆದುಕೊಂಡಿದ್ದಾರೆ. ಬೆಂಗಳೂರಿನಲ್ಲಿದ್ದಿದ್ದರೆ ಸೋಮವಾರದವರೆಗೆ ಹೊಸ್ತಿಲೇ ದಾಟುತ್ತಿರಲಿಲ್ಲ.

ಕೂಲಿ ನಿಂತ ಕೂಡಲೇ ಪ್ರಾಣಿ ಸುಮ್ಮನಾಗುವುದಿಲ್ಲ ಎಂಬುದು ಇಲ್ಲಿಯ ಸ್ವಾರಸ್ಯ. ಎಷ್ಟೋ ಸಲ ಮೊದಲು ಇನ್ನಷ್ಟು ಜೋರಾಗಿ ಒತ್ತುತ್ತದೆ. ಲಿಫ್ಟ್ ಬರದಿದ್ದಾಗ ಇಂಜಿನಿಯರಿಂಗ್ ಓದಿದವರೂ ಗುಂಡಿಯನ್ನು ಪಟಪಟ ಕುಟ್ಟುತ್ತಾರಲ್ಲ, ಅದೇ ಇದು. ಇನ್ನು ಕೂಲಿ ಯಾವಾಗಲೋ ಒಮ್ಮೆ, ಹೊತ್ತುಗೊತ್ತಿಲ್ಲದೆ ಬೀಳುವಂಥದ್ದಾಗಿದ್ದರೆ ಕೇಳಲೇಬೇಡಿ. ಅದು ನಿಂತೇಹೋಗಿದೆ ಎಂದು ಮನವರಿಕೆಯಾಗುವುದಕ್ಕೇ ಬಹಳ ಹೊತ್ತು ಬೇಕು. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಈ ಕೂಲಿ ಪದ್ಧತಿಗಳನ್ನೆಲ್ಲ ಪಾರಿವಾಳಗಳ ಮೇಲೆ ಪ್ರಯೋಗಿಸಿ 1957ರಲ್ಲಿ ಒಂದು ದಪ್ಪ ಪುಸ್ತಕ ತಂದರು. ಸುಮಾರು 70,000 ಗಂಟೆಗಳ ದಾಖಲೆ, ಹತ್ತಿರ ಹತ್ತಿರ 25 ಕೋಟಿ ಕುಕ್ಕು. ಅಷ್ಟನ್ನೂ ಓದಲು ಪುರಸೊತ್ತಿಲ್ಲದವರು ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳಬಹುದು. ಫೋನಿನ ತೆರೆ ಕೆಳಕ್ಕೆಳೆದು ಬಿಡುತ್ತೇವೆ, ಏನೂ ಬಂದಿರುವುದಿಲ್ಲ, ಮತ್ತೆ ಎಳೆಯುತ್ತೇವೆ. ಎಂದೋ ಒಮ್ಮೆ ಯಾರೋ ಫೋಟೋಗೆ ಹೃದಯ ಒತ್ತಿರುತ್ತಾರೆ, ಅಲ್ಲಿಗೆ ಇನ್ನೊಂದು ಗಂಟೆಯ ದುಡಿಮೆಗೆ ಮುಂಗಡ ಸಂದಾಯವಾಯಿತು. ಇದರಿಂದ ಬಿಡಿಸಿಕೊಳ್ಳಲಾರದವರಿಗೆಂದೇ ನಮ್ಮ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಭಾವನಿಗೆ ಇದು ಒಪ್ಪಿಗೆ, ಏಕೆಂದರೆ ಫೋನು ಹಿಡಿದಿರುವುದು ನಾನು.

‘ಸರಿ, ಪಾರಿವಾಳ ಕೂಲಿಗೆ ಕೆಲಸ ಮಾಡುತ್ತೆ. ಸಿಗರೇಟು ಹಿಡಿಯೋದು ಬಿಡೋದು ನಮ್ಮ ಚಾಯ್ಸು, ಇದರಲ್ಲಿ ಆ ಚಾಯ್ಸ್ ಎಲ್ಲಿ ಬಂತು?’ ಎಂದರು.

ಬಂದದ್ದು 1961ರಲ್ಲಿ, ಅದೇ ಹಾರ್ವರ್ಡಿನಲ್ಲಿ. ರಿಚರ್ಡ್ ಹೆರ್ನ್‌ಸ್ಟೈನ್ ಎಂಬವರು ಮೂರು ಪಾರಿವಾಳಗಳನ್ನು ಕೆಲಸಕ್ಕೆ ತೆಗೆದುಕೊಂಡರು. ಪಾರಿವಾಳದ ಮುಂದೆ ಒಂದಲ್ಲ, ಎರಡು ಗುಂಡಿ. ಎರಡರಲ್ಲೂ ಕಾಳು ಸಿಗುತ್ತದೆ, ಆದರೆ ಯಾವ ಕುಕ್ಕಿಗೆ ಎಂದು ಹೇಳಲಾಗದು. ಒಟ್ಟು ಗಂಟೆಗೆ 40 ಸಲ ಸಿಗುವಂತೆ ಹೊಂದಿಸಿ, ಆ ನಲವತ್ತನ್ನು ಎರಡು ಗುಂಡಿಗಳ ನಡುವೆ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿದರು. ಸುಮ್ಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿದಾಡಿ ಗಿಟ್ಟಿಸಿಕೊಳ್ಳದಿರಲೆಂದು, ಗುಂಡಿ ಬದಲಿಸಿದ ಮೇಲೆ ಒಂದೂವರೆ ಸೆಕೆಂಡು ಏನೂ ಸಿಗದಂತೆ ತಡೆಯನ್ನೂ ಇಟ್ಟರು. ಹಕ್ಕಿಗಳು ಮಾಡಿದ್ದೇನು ಗೊತ್ತೇ? ಮೂರರಲ್ಲಿ ಎರಡು ಪಾಲು ಕಾಳು ಎಡಗಡೆಯಿಂದ ಬಂದರೆ ಮೂರರಲ್ಲಿ ಎರಡು ಪಾಲು ಕುಕ್ಕು ಎಡಗಡೆಗೆ. ಅರ್ಧಕ್ಕರ್ಧ ಬಂದರೆ ಅರ್ಧಕ್ಕರ್ಧ. ಹೆಚ್ಚು ಕೊಡುವ ಗುಂಡಿಯನ್ನೇ ಜಪಿಸುತ್ತ ಕೂರಲಿಲ್ಲ, ಕಡಿಮೆ ಕೊಡುವುದನ್ನು ಪೂರ್ತಿ ಕೈಬಿಡಲೂ ಇಲ್ಲ. ಬಂದ ಕೂಲಿಯ ಪ್ರಮಾಣದಲ್ಲೇ ದುಡಿಮೆಯನ್ನು ಹಂಚಿದವು.

ಭಾವ ನೆಟ್ಟಗೆ ಕೂತರು. ‘ಪ್ರೊ ರೇಟಾ!’ ಎಂದರು. ನಲವತ್ತು ವರ್ಷದ ಸರ್ವೀಸಿನಲ್ಲಿ ಒಬ್ಬ ಕ್ಲರ್ಕಿಗೂ ಅರ್ಥಮಾಡಿಸಲಾಗದ್ದನ್ನು ಒಂದು ಪಕ್ಷಿ ತಾನಾಗಿ ಮಾಡಿತೆಂಬ ಗೌರವ ಅವರ ಮುಖದಲ್ಲಿತ್ತು. ವಿಜ್ಞಾನಿಗಳು ಇದನ್ನು ಹೊಂದಾಣಿಕೆಯ ನಿಯಮ ಎನ್ನುತ್ತಾರೆ. ಆಮೇಲೆ ಇಲಿಯಿಂದ ಹಿಡಿದು ಮನುಷ್ಯರವರೆಗೆ ಪರೀಕ್ಷಿಸಿ, ಅಲ್ಲಲ್ಲಿ ಏರುಪೇರು ಕಂಡು, 1974ರಲ್ಲಿ ವಿಲಿಯಂ ಬಾಮ್ ಸೂತ್ರಕ್ಕೊಂದು ತಿದ್ದುಪಡಿ ತಂದರು. ಅದರ ವಿವರಕ್ಕೆ ಹೋದರೆ ಲಾಗರಿತಮ್ ಬರುತ್ತದೆ, ನಾವು ಹೋಗುವುದು ಬೇಡ.

ಕೂಲಿ ಎಷ್ಟು ಎನ್ನುವುದರಂತೆಯೇ ಯಾವಾಗ ಎನ್ನುವುದೂ ಮುಖ್ಯ. ಹೊವರ್ಡ್ ರಾಕ್ಲಿನ್, ಲಿಯೊನಾರ್ಡ್ ಗ್ರೀನ್ 1972ರಲ್ಲಿ ಪಾರಿವಾಳಗಳಿಗೆ ಒಂದು ಇಕ್ಕಟ್ಟು ತಂದಿಟ್ಟರು. ಈ ಗುಂಡಿ ಕುಕ್ಕಿದರೆ ಈಗಲೇ ಎರಡು ಸೆಕೆಂಡು ತಿನ್ನಬಹುದು. ಆ ಗುಂಡಿ ಕುಕ್ಕಿದರೆ ನಾಲ್ಕು ಸೆಕೆಂಡು ಕಾಯಬೇಕು, ಆಮೇಲೆ ನಾಲ್ಕು ಸೆಕೆಂಡು ತಿನ್ನಬಹುದು. ಎರಡೂ ಕಣ್ಣೆದುರಿಗಿದ್ದಾಗ ಪಾರಿವಾಳಗಳದ್ದು ಒಂದೇ ತೀರ್ಮಾನ, ಈಗಲೇ. ನಾಲ್ಕು ಸೆಕೆಂಡು ತಾಳಲಾರದ ಈ ಬಡಜೀವಗಳಿಗೆ ಇನ್ನೊಂದು ಅವಕಾಶ ಕೊಟ್ಟರು. ತಿನ್ನುವ ಹೊತ್ತಿಗೆ ಸಾಕಷ್ಟು ಮುಂಚೆಯೇ ಒಂದು ಗುಂಡಿ ಕುಕ್ಕಿಬಿಟ್ಟರೆ, ಆಸೆಗೆ ಬೀಳಿಸುವ ‘ಈಗಲೇ’ ಗುಂಡಿ ಆಮೇಲೆ ಹತ್ತಿಕೊಳ್ಳುವುದೇ ಇಲ್ಲ, ದೊಡ್ಡ ಪಾಲಿನ ಗುಂಡಿಯೊಂದೇ ಉಳಿಯುತ್ತದೆ. ಮುಂಚಿತವಾಗಿ ಕೇಳಿದಷ್ಟೂ ಹಕ್ಕಿಗಳು ಈ ಕಟ್ಟುಪಾಡಿನ ಕಡೆಗೇ ವಾಲಿದವು. ಅಂದರೆ ದೂರದಲ್ಲಿದ್ದಾಗ ಪಾರಿವಾಳವೂ ಋಷಿಯೇ. ಭಾನುವಾರ ರಾತ್ರಿ ಮಲಗುವ ಮುನ್ನ ‘ನಾಳೆಯಿಂದ ಐದಕ್ಕೆ ಎದ್ದು ವಾಕಿಂಗ್’ ಎಂದು ಅಲಾರಂ ಇಡುವ ನಿಮ್ಮಂತೆ. ಬೆಳಿಗ್ಗೆ ಐದಕ್ಕೆ ಅದನ್ನು ಆರಿಸುವವರು ಯಾರೆಂದು ನಾನು ಕೇಳಲಾರೆ. ಊರಿಗೆಲ್ಲ ಫಿಕ್ಸೆಡ್ ಡಿಪಾಜಿಟ್ ಮಾಡಿಸಿದ ನಮ್ಮ ಭಾವನೇ ಸಂಜೆ ಆರು ಗಂಟೆಗೆ ನಾಲ್ಕು ಸೆಕೆಂಡು ತಾಳಲಾರರು.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಪಾರಿವಾಳವೋ ಇಲಿಯೋ ಒಂದು ಕೆಲಸ ಬಿಟ್ಟಿತು, ಬಿಟ್ಟು ಬಹಳ ದಿನವಾಯಿತು, ಎಲ್ಲರೂ ಮರೆತರು. ಆಮೇಲೆ ಒಂದು ದಿನ ಮತ್ತೆ ಶುರು. ಯಾಕೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ದೊಡ್ಡ ಹೆಸರು. ಅವರ ಇಲಿಗಳು ಒಂದು ಪೆಟ್ಟಿಗೆಯಲ್ಲಿ ಕಲಿಯುತ್ತವೆ, ಇನ್ನೊಂದು ಪೆಟ್ಟಿಗೆಯಲ್ಲಿ ಬಿಡುತ್ತವೆ. ಎರಡನೆಯದರ ನೆಲ ಬೇರೆ, ವಾಸನೆ ಬೇರೆ. ಪೂರ್ತಿ ಬಿಟ್ಟ ಮೇಲೆ ಹಳೆಯ ಪೆಟ್ಟಿಗೆಗೆ ತಂದಿಟ್ಟರೆ ಇಲಿ ಮತ್ತೆ ಸರಳು ಒತ್ತತೊಡಗುತ್ತದೆ. ಕೂಲಿ ಅಲ್ಲೂ ಇಲ್ಲ, ಆದರೂ ಒತ್ತುತ್ತದೆ. ಬೌಟನ್ ಇದರಿಂದ ತೆಗೆದ ತೀರ್ಮಾನವಿಷ್ಟು: ಬಿಡುವುದೆಂದರೆ ಹಳೆಯದು ಅಳಿಸಿಹೋಗುವುದಲ್ಲ, ಅದರ ಮೇಲೆ ಹೊಸದೊಂದನ್ನು ಕಲಿಯುವುದು. ಹಳೆಯದು ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಹೊಸದು ಮಾತ್ರ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ.

‘ಇಲಿ ಬಿಡು, ಮನುಷ್ಯರ ವಿಷಯ ಹೇಳು’ ಎಂದರೆ ಅದಕ್ಕೂ ದಾಖಲೆಯಿದೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕನ್ ಸೈನಿಕರಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿ ಅಲ್ಲಿ ಹೆರಾಯಿನ್‌ನಂಥ ಅಫೀಮಿನ ಮಾದಕಗಳಿಗೆ ದಾಸರಾಗಿದ್ದರು. 1971ರಲ್ಲಿ ಅವರು ಊರಿಗೆ ಮರಳುವಾಗ ಸರ್ಕಾರಕ್ಕೆ ನಡುಕ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಎಂಬ ಸಂಶೋಧಕಿ ಬೆನ್ನುಹತ್ತಿ ವಿಚಾರಿಸಿದರು. ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದೊಳಗೆ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಕಾಡಿಲ್ಲ, ಗುಂಡಿಲ್ಲ, ಅಗ್ಗದ ಹೆರಾಯಿನ್ ಇಲ್ಲ, ಜೊತೆಗೆ ಸೇದುತ್ತಿದ್ದ ಗೆಳೆಯರು ಬೇರೆ ಬೇರೆ ಊರುಗಳಿಗೆ ಚದುರಿದ್ದಾರೆ. ಪೆಟ್ಟಿಗೆಯೇ ಬದಲಾಗಿತ್ತು.

ನಮ್ಮ ಭಾವನದು ಇದರ ತಿರುವುಮುರುವು. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದ ಆರು ತಿಂಗಳು ಸಿಗರೇಟಿನ ಹೆಸರೆತ್ತಲಿಲ್ಲ. ಅಲ್ಲಿಯ ಮನೆಯೊಳಗೆ ಹೊಗೆ ಕಂಡರೆ ಅಲಾರಂ ಕಿರುಚುತ್ತದೆ, ಹೊರಗೆ ಹಿಮ, ಅಂಗಡಿಗೆ ಹೋಗಬೇಕೆಂದರೆ ಅಳಿಯ ಕಾರು ತೆಗೆಯಬೇಕು. ‘ಅಪ್ಪ ಬಿಟ್ಟೇಬಿಟ್ರು’ ಎಂದು ಮಗಳು ಫೋನಿನಲ್ಲಿ ಹೇಳುವಾಗ ಅಕ್ಕ ಪಕ್ಕದಲ್ಲೇ ನಿಂತು ‘ನೋಡೋಣ’ ಎಂದಿದ್ದಳಂತೆ. ಮಲ್ಲೇಶ್ವರಕ್ಕೆ ಬಂದಿಳಿದ ಸಂಜೆ ಭಾವ ಹಾಲು ತರುತ್ತೇನೆಂದು ಹೊರಟರು. ಮೂಲೆಯ ಬೀಡಾ ಅಂಗಡಿಯ ಕಂಬಕ್ಕೆ ನೇತುಹಾಕಿದ ತೆಂಗಿನ ನಾರಿನ ಹಗ್ಗ, ಅದರ ತುದಿಯಲ್ಲಿ ಉರಿಯದೆ ಆರದೆ ಕೂತ ಕೆಂಡ, ಅದೇ ಸಂಜೆ, ಅದೇ ಬಸ್ಸಿನ ಹಾರ್ನು. ಅಂಗಡಿಯವನು ‘ಯಾವಾಗ ಬಂದ್ರಿ ಸಾರ್?’ ಎಂದವನೇ, ಕೇಳುವ ಮೊದಲೇ ಒಂದನ್ನು ತೆಗೆದು ಚಾಚಿದ. ಭಾವನ ಕೈ ತಾನಾಗಿ ಮುಂದೆ ಹೋಯಿತು. ಹಾಲು ಮರೆತೇಹೋಯಿತು.

‘ಅವನ ವಿಶ್ವಾಸಕ್ಕೆ ಕಟ್ಟುಬಿದ್ದೆ ಕಣಯ್ಯ’ ಎನ್ನುತ್ತಾರೆ ಭಾವ. ವರ್ಮಾಂಟಿನ ಇಲಿಗೆ ಈ ವಿನಯ ಇಲ್ಲ.

ಆ ಸಲ ಅಕ್ಕ ಜಗಳವಾಡಲಿಲ್ಲ. ಬುದ್ಧಿವಂತಿಕೆಯ ದಾರಿ ಹಿಡಿದಳು. ಸಂಜೆ ಆರಕ್ಕೆ ಅಂಗಡಿಯ ಬದಲು ಪಾರ್ಕಿಗೆ ಎರಡು ಸುತ್ತು. ಬಂದ ಕೂಡಲೇ ಬಿಸಿ ಬಿಸಿ ಫಿಲ್ಟರ್ ಕಾಫಿ, ಜೊತೆಗೆ ಕೋಡುಬಳೆ. ‘ಎಷ್ಟು ಲಕ್ಷಣವಾಗಿ ಕಾಣ್ತಿದೀರಿ ಈಗ’ ಎಂಬ ಒಂದು ಮಾತು. ಮಗಳಿಂದ ವಿಡಿಯೋ ಕಾಲ್, ಮೊಮ್ಮಗನಿಂದ ಚಪ್ಪಾಳೆ. ಭಾವ ಸಿಗರೇಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಂಪು ಶಾಯಿ ಮತ್ತೆ ಕ್ಯಾಲೆಂಡರಿಗೆ ಬಂತು. ವಾರಗಳು ಕಳೆದವು. ಕಾಫಿ ಬರಬರುತ್ತ ಫ್ಲಾಸ್ಕಿಗೆ ಹೋಯಿತು, ‘ಬಗ್ಗಿಸಿಕೊಳ್ಳಿ’ ಎಂಬ ಸ್ವಯಂಸೇವೆ ಆಯಿತು. ಕೋಡುಬಳೆಗೆ ಕೊಲೆಸ್ಟರಾಲ್ ಅಡ್ಡ ಬಂತು. ಮಗಳಿಗೆ ಆಫೀಸಿನಲ್ಲಿ ರಿಲೀಸು, ಮೊಮ್ಮಗನಿಗೆ ಸಾಕರ್. ‘ಸಿಗರೇಟು ಮುಟ್ಟಿಲ್ಲ’ ಎಂದು ಭಾವ ಒಂದು ದಿನ ತಾವಾಗಿ ನೆನಪಿಸಿದರೆ ಮನೆಯಲ್ಲಿ ಬಂದ ಉತ್ತರ, ‘ಅದರಲ್ಲೇನು ದೊಡ್ಡಸ್ತಿಕೆ? ಎಷ್ಟು ಜನ ಮುಟ್ಟದೇ ಇದಾರೆ.’ ಅವತ್ತು ಸಂಜೆ ಭಾವ ಮತ್ತೆ ಹಾಲು ತರಲು ಹೋದರು.

ಇದನ್ನು ನಮ್ಮ ಮನೆಯ ಗುಟ್ಟೆಂದು ತಿಳಿಯಬೇಡಿ. 1970ರಲ್ಲೇ ಹೆರಾಲ್ಡ್ ಲೈಟನ್‌ಬರ್ಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಕಂಡು ಪ್ರಕಟಿಸಿದ್ದಾರೆ. ಮೊದಲ ಸರಳಿಗೆ ಕೂಲಿ ನಿಲ್ಲಿಸಿ ಎರಡನೆಯ ಸರಳಿಗೆ ಕೊಟ್ಟರೆ ಇಲಿ ಮೊದಲನೆಯದನ್ನು ಸಲೀಸಾಗಿ ಬಿಡುತ್ತದೆ. ಎಲ್ಲರೂ ಸಂತೋಷಪಡುತ್ತಾರೆ. ಆಮೇಲೆ ಎರಡನೆಯದರ ಕೂಲಿಯನ್ನೂ ನಿಲ್ಲಿಸಿದರೆ ಮೊದಲನೆಯದು ಎದ್ದು ಬರುತ್ತದೆ. ರಾಬರ್ಟ್ ಎಪ್ಸ್ಟೀನ್ ಪಾರಿವಾಳಗಳಲ್ಲಿ ಇದನ್ನೇ ಕಂಡು 1983ರಲ್ಲಿ ರಿಸರ್ಜೆನ್ಸ್ ಎಂಬ ಹೆಸರಿನಡಿ ವರದಿ ಮಾಡಿದರು. ಲೋಗನ್ ಎಂಬ ಊರಿನಲ್ಲಿರುವ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಿಮೋತಿ ಶಹಾನ್ ಅವರ ತಂಡ ಇದೇ ಒಂದನ್ನು ಹಿಡಿದು ವರ್ಷಗಟ್ಟಲೆ ಅಗೆದಿದೆ. 2006ರ ಅವರ ಒಂದು ಪ್ರಯೋಗದಲ್ಲಿ ಇಲಿಗಳು ಸರಳು ಒತ್ತಿ ಮದ್ಯ ಕುಡಿಯುವುದನ್ನು ಕಲಿತವು. ಮದ್ಯ ನಿಲ್ಲಿಸಿ, ಸರಪಳಿ ಎಳೆದರೆ ಊಟ ಎಂದು ಮಾಡಿದರು. ಇಲಿಗಳು ಸಭ್ಯರಾಗಿ ಸರಪಳಿ ಎಳೆದುಕೊಂಡು ಉಂಡವು. ಊಟ ನಿಲ್ಲಿಸಿದರು. ಇಲಿಗಳು ತಿರುಗಿ ಮದ್ಯದ ಸರಳಿಗೆ ಬಂದವು, ಅಲ್ಲಿ ತೊಟ್ಟು ಮದ್ಯವಿಲ್ಲದಿದ್ದರೂ.

ಶಹಾನ್ ಮತ್ತು ಆಂಡ್ರ್ಯೂ ಕ್ರೇಗ್ 2017ರಲ್ಲಿ ಮಂಡಿಸಿದ ವಾದ ನನಗೆ ಬಹಳ ಹಿಡಿಸಿತು. ಮರುಕಳಿಸುವುದಕ್ಕೆಂದು ಬೇರೆಯೇ ಒಂದು ಭೂತವನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ ಎನ್ನುತ್ತಾರೆ ಅವರು. ಹೆರ್ನ್‌ಸ್ಟೈನರ ಪ್ರೊ ರೇಟಾ ಲೆಕ್ಕವೇ ಸಾಕು. ಹಳೆಯ ಕೆಲಸದ ಬೆಲೆ ಇಳಿಯುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ, ಹಿಂದೆ ಕೊಟ್ಟದ್ದರ ನೆನಪು ಒಂದಿಷ್ಟು ಉಳಿದೇ ಇರುತ್ತದೆ. ಹೊಸ ಕೆಲಸ ಚೆನ್ನಾಗಿ ಕೊಡುತ್ತಿರುವಷ್ಟು ಕಾಲ ಅದರ ಪಾಲು ದೊಡ್ಡದು, ಹಳೆಯದು ಮೂಲೆಯಲ್ಲಿ ಬಿದ್ದಿರುತ್ತದೆ. ಹೊಸದು ಕೊಡುವುದನ್ನು ನಿಲ್ಲಿಸಿದರೆ ಭಾಗಾಕಾರ ತಿರುಗುತ್ತದೆ, ಹಳೆಯದರ ಪಾಲು ತಾನಾಗಿ ಏರುತ್ತದೆ. ಪೂರ್ತಿ ನಿಲ್ಲಿಸಬೇಕೆಂದೂ ಇಲ್ಲ, ಒಮ್ಮೆಲೇ ಚೆನ್ನಾಗಿ ಇಳಿಸಿದರೂ ಸಾಕೆಂದು ಅವರ ಇಲಿಗಳು ತೋರಿಸಿಕೊಟ್ಟಿವೆ. ಕಾಫಿ ಫ್ಲಾಸ್ಕಿಗೆ ಹೋದದ್ದು ಇಂಥ ಒಂದು ಇಳಿಕೆ.

ಈ ಲೆಕ್ಕದಲ್ಲಿ ‘ಅವನೇ ಆರಿಸಿಕೊಂಡ, ಅನುಭವಿಸಲಿ’ ಎನ್ನುವುದಕ್ಕೆ ಜಾಗವೇ ಇಲ್ಲ. ಪಾರಿವಾಳದ ಮನಸ್ಸು ಗಟ್ಟಿಯಿಲ್ಲ ಎಂದು ಯಾರೂ ದೂರಲಿಲ್ಲ, ಗುಂಡಿಗಳು ಏನು ಕೊಡುತ್ತಿವೆ ಎಂದು ನೋಡಿದರು. ನಾವು ಮಾಡುವುದೇ ಬೇರೆ. ದುರಭ್ಯಾಸಕ್ಕೆ ಚೊಕ್ಕವಾಗಿ, ನಗದಾಗಿ, ನಿಮಿಷದೊಳಗೆ ಕೂಲಿ ಬಟವಾಡೆಯಾಗುತ್ತದೆ. ಒಳ್ಳೇ ಬುದ್ಧಿ ಮಾತ್ರ ಬಿಟ್ಟಿ ಚಾಕರಿ ಮಾಡಬೇಕು. ಮೊದಲ ವಾರ ಹಾರ ಹಾಕುತ್ತೇವೆ, ಎರಡನೆಯ ತಿಂಗಳಿಗೆ ‘ಅದು ನಿನ್ನ ಕರ್ತವ್ಯ’ ಎನ್ನುತ್ತೇವೆ. ಜನವರಿಯಲ್ಲಿ ಜಿಮ್ ಸೇರಿದವನಿಗೆ ಆಫೀಸಿನಲ್ಲಿ ಮೆಚ್ಚುಗೆ, ಮಾರ್ಚಿನಲ್ಲೂ ಹೋಗುತ್ತಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕಷ್ಟದ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಸಂಬಳ ಬಂದ್.

ಹಾಗಾದರೆ ಒಳ್ಳೇ ಬುದ್ಧಿಗೆ ಸಂಬಳ ಕೊಟ್ಟರಾಯಿತಲ್ಲ ಎಂದು ನೀವು ಕೇಳಿದರೆ, ಕೊಟ್ಟವರಿದ್ದಾರೆ. ವರ್ಮಾಂಟಿನಲ್ಲೇ ಸ್ಟೀಫನ್ ಹಿಗ್ಗಿನ್ಸ್ ಎಂಬವರು 1990ರ ದಶಕದಲ್ಲಿ ಕೊಕೇನ್ ಚಟದವರಿಗೆ ಇದನ್ನು ಮಾಡಿದರು. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಇಲ್ಲವೆಂದರೆ ಎರಡೂವರೆ ಡಾಲರಿನ ಕೂಪನ್. ಮುಂದಿನ ಪರೀಕ್ಷೆಯಲ್ಲೂ ಇಲ್ಲವೆಂದರೆ ಇನ್ನಷ್ಟು, ಅದರ ಮುಂದೆ ಮತ್ತಷ್ಟು. ಒಂದು ಸಲ ಜಾರಿದರೆ ಮತ್ತೆ ಎರಡೂವರೆಯಿಂದ ಶುರು. ಹನ್ನೆರಡು ವಾರ ಒಂದೂ ತಪ್ಪದೆ ನಡೆದರೆ ಒಟ್ಟು 997 ಡಾಲರ್ 50 ಸೆಂಟ್. ನಗದು ಕೈಗೆ ಕೊಡುವುದಿಲ್ಲ, ಹಿಮದ ಮೇಲೆ ಜಾರುವ ಆಟದ ಪಾಸೋ ಮೀನು ಹಿಡಿಯುವ ಲೈಸೆನ್ಸೋ ಬೇಕೆಂದರೆ ಸಿಬ್ಬಂದಿಯೇ ಕೊಂಡು ತಂದುಕೊಡುತ್ತಾರೆ. ಬರೀ ಬುದ್ಧಿವಾದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು. ಕನೆಕ್ಟಿಕಟ್‌ನ ನ್ಯಾನ್ಸಿ ಪೆಟ್ರಿ ಖರ್ಚು ಹೆಚ್ಚಾಯಿತೆಂದು ಚೀಟಿ ಎತ್ತುವ ಬುಟ್ಟಿ ತಂದರು. ಅನೇಕ ಚೀಟಿಗಳಲ್ಲಿ ಬರೀ ‘ಶಾಭಾಷ್’, ಇನ್ನುಳಿದವುಗಳಲ್ಲಿ ಬಹುಪಾಲಿಗೆ ಸಣ್ಣಪುಟ್ಟ ಸಾಮಾನು, ಯಾವುದೋ ಒಂದರಲ್ಲಿ ಟೀವಿಯಂಥ ಭಾರೀ ಬಹುಮಾನ. ಸ್ಕಿನ್ನರರ ಶನಿವಾರದ ಮಿತವ್ಯಯ ಇಲ್ಲಿ ಪುಣ್ಯಕಾರ್ಯಕ್ಕೆ ಒದಗಿತು.

ಭಾವನಿಗೆ ಇದು ಶುದ್ಧ ಲಂಚವಾಗಿ ಕಂಡಿತು. ‘ಕೊಕೇನ್ ಮುಟ್ಟದ್ದಕ್ಕೆ ದುಡ್ಡು ಕೊಡ್ತಾರಾ? ನಾನು ಹುಟ್ಟಿದಾಗಿನಿಂದ ಮುಟ್ಟಿಲ್ಲ. ನನಗೆ ಎಷ್ಟು ಬಾಕಿ ಬರಬೇಕು, ಬಡ್ಡಿ ಸಮೇತ ಹಾಕು ನೋಡೋಣ.’

ಬಾಕಿಗಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ಹನ್ನೆರಡು ವಾರ ಮುಗಿದು ಕೂಪನ್ ನಿಂತ ಮೇಲೇನು? ಯೂಟಾದ ಇಲಿಗಳು ಹೇಳಿದ್ದೇ ಆಗುವ ಭಯವಿದೆ, ಕೆಲವರು ಮರಳಿ ಹೋಗುವುದೂ ಉಂಟು. ಮಕ್ಕಳ ವಿಷಯದಲ್ಲೂ ಇದೇ ಪೇಚು. ರಚ್ಚೆ ಹಿಡಿದು ತಲೆ ಚಚ್ಚಿಕೊಳ್ಳುವ ಮಗುವಿಗೆ, ಬೇಕಾದ್ದನ್ನು ಮಾತಿನಲ್ಲೋ ಸನ್ನೆಯಲ್ಲೋ ಕೇಳುವುದನ್ನು ಕಲಿಸಿದರೆ ರಚ್ಚೆ ಇಳಿಯುತ್ತದೆ ಎಂದು ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದರು. ಆದರೆ ಮಗು ಸಭ್ಯವಾಗಿ ಕೇಳಿದ ಹೊತ್ತಿಗೆ ಅಮ್ಮ ಒಗ್ಗರಣೆ ಹಾಕುತ್ತಿರುತ್ತಾಳೆ. ಎರಡು ಸಲ ಕೇಳಿ, ಮೂರನೆಯ ಸಲ ಮಗು ಹಳೆಯ ರಾಗವನ್ನೇ ತೆಗೆಯುತ್ತದೆ. ಅದಕ್ಕೇ ಕೂಲಿಯನ್ನು ಒಮ್ಮೆಲೇ ಕಡಿಯದೆ ಇಷ್ಟಿಷ್ಟೇ ಇಳಿಸುತ್ತ, ಕಾಯುವುದನ್ನು ಅಭ್ಯಾಸ ಮಾಡಿಸುವ ಕ್ರಮವನ್ನು ಚಿಕಿತ್ಸಕರು ರೂಢಿಸಿಕೊಂಡಿದ್ದಾರೆ.

ಇನ್ನೊಂದು ಉಪಾಯ, ಬದುಕೇ ಕೂಲಿ ಕೊಡುವಂತೆ ಮಾಡುವುದು. 1973ರಲ್ಲಿ ಜಾರ್ಜ್ ಹಂಟ್ ಮತ್ತು ನೇಥನ್ ಅಜ್ರಿನ್ ಎಂಬವರು ಇಲಿನಾಯ್‌ನಲ್ಲಿ ಕುಡುಕರಿಗೆ ಕೆಲಸ ಹುಡುಕಿಕೊಟ್ಟರು, ಮನೆಯವರೊಂದಿಗೆ ರಾಜಿ ಮಾಡಿಸಿದರು, ಸಂಜೆ ಹೋಗಿ ಕೂರಲು ಒಂದು ಕ್ಲಬ್ ಮಾಡಿಕೊಟ್ಟರು. ಆ ಕ್ಲಬ್ ಇದ್ದದ್ದು ಹಿಂದೆ ಸಾರಾಯಿ ಅಂಗಡಿಯಾಗಿದ್ದ ಕಟ್ಟಡದಲ್ಲೇ. ಇಸ್ಪೀಟು ಉಂಟು, ಕುಣಿತ ಉಂಟು, ಸ್ನೇಹಿತರುಂಟು, ಬಾಟಲಿ ಮಾತ್ರ ಇಲ್ಲ. ಅವರ ಗುಂಪಿನವರು ಮಾಮೂಲಿ ಚಿಕಿತ್ಸೆಯವರಿಗಿಂತ ಬಹಳ ಕಡಿಮೆ ಕುಡಿದರು, ಹೆಚ್ಚು ದುಡಿದರು. ಕೂಪನ್ನಿಗೆ ಕೊನೆಯ ದಿನಾಂಕವಿದೆ, ಸಂಜೆಯ ಹರಟೆಗಿಲ್ಲ.

ಇಷ್ಟೆಲ್ಲ ಪ್ರವಚನ ಮುಗಿಸಿ, ‘ಆದ್ದರಿಂದ ಅಕ್ಕಾ, ನೀನು ಭಾವನನ್ನು ಹೊಗಳುವುದನ್ನು ನಿಲ್ಲಿಸಬಾರದಾಗಿತ್ತು’ ಎಂದೆ. ಅಕ್ಕ ಅಷ್ಟೂ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರೆಕಾಳು ಸುಲಿಯುತ್ತ ಕೇಳಿಸಿಕೊಂಡಿದ್ದಳು.

‘ಅಲ್ಲೋ, ನಿನ್ನ ಇಲಿಗೆ ಗುಳಿಗೆ ಹಾಕೋನಿಗೆ ಸಂಬಳ ಉಂಟಾ?’

‘ಉಂಟು. ಪ್ರೊಫೆಸರ್ ಸಂಬಳ.’

‘ನನಗೆ? ಮೂವತ್ತೈದು ವರ್ಷ ಕಾಫಿ ಕೊಟ್ಟೆ. ಲಕ್ಷಣವಾಗಿದೀರಿ ಅಂತ ಸುಳ್ಳೂ ಹೇಳಿದೆ. ಒಂದು ದಿನ, ಒಂದೇ ಒಂದು ದಿನ, ಕಾಫಿ ಚೆನ್ನಾಗಿದೆ ಅಂದವರುಂಟಾ ಈ ಮನೇಲಿ? ಗುಳಿಗೆ ಬೀಳಿಸೋ ಯಂತ್ರಾನೂ ಸಿಕ್ಕಿಹಾಕಿಕೊಳ್ಳುತ್ತೆ ಅಂತ ನೀನೇ ಹೇಳಿದೆಯಲ್ಲ.’

ಈ ದಿಕ್ಕಿನಿಂದ ವರ್ತನಾ ವಿಜ್ಞಾನವನ್ನು ನಾನು ನೋಡಿರಲಿಲ್ಲ. ಕೂಲಿ ಕೊಡುವ ಕೈಗೂ ಕೂಲಿ ಬೇಕು, ಇಲ್ಲದಿದ್ದರೆ ಅದೂ ನಿಲ್ಲುತ್ತದೆ. ಅದು ನಿಂತರೆ ಗಂಡ ಮೂಲೆಯಂಗಡಿಗೆ ಹೋಗುತ್ತಾನೆ. ಬಿಟ್ಟಿ ಚಾಕರಿಯ ಲೆಕ್ಕ ತೆಗೆದರೆ ಈ ಮನೆಯಲ್ಲಿ ಬಾಕಿ ಯಾರದ್ದು ಹೆಚ್ಚೆಂದು ಭಾವನಿಗೂ ಹೊಳೆದಿರಬೇಕು. ಮ್ಯಾನೇಜರಾಗಿದ್ದವರು, ಹಳೇ ಬಾಕಿ ಇವತ್ತೇ ಚುಕ್ತಾ ಮಾಡುವ ಹುಮ್ಮಸ್ಸಿನಲ್ಲಿ ಗಂಟಲು ಸರಿಮಾಡಿಕೊಂಡು, ‘ಕಾಫಿ ಬಹಳ ಚೆನ್ನಾಗಿತ್ತು ಕಣೇ ಇವತ್ತು’ ಎಂದರು.

‘ಇನ್ನೂ ಡಿಕಾಕ್ಷನ್ನೇ ಇಳಿದಿಲ್ಲರೀ’ ಎಂದಳು ಅಕ್ಕ.